ಕಬ್ಬಿನಾಂಶ

"ಹಿಮೋಗ್ಲೋಬಿನ್ ಅಂದ್ರೆ ಕಬ್ಬಿನಾಂಶ ಇರೋ ಪ್ರೋಟೀನು"
ಎದ್ದು ನಿಂತು ಓದಿದಳು ತೇಜಾವತಿ, ಕೀಲಾರದವಳು.
ಇಡೀ ಬೆಂಚು ನಕ್ಕಿತು.
ಮಂಡ್ಯದ ಬಾಯಲ್ಲಿ ಣ ಎಂಬುದು ಬೇಲಿಯಿಲ್ಲದ ಗದ್ದೆ,
ಯಾವ ಹೊತ್ತಿನಲ್ಲೂ ನ ನುಗ್ಗಿ ಮೇಯುತ್ತದೆ.
ಇಪ್ಪತ್ತಾರು ವರ್ಷ ರಕ್ತ ತೆಗೆದ ನನಗೂ
ತಾಲೂಕು ದಾಟಿದ ಮೇಲೇ ಆ ಅಕ್ಷರ ನೆನಪಾಗುವುದು.
ತಿದ್ದಲಿಲ್ಲ. ಪಾಠ ಮುಂದುವರಿಸಿದೆ.

ಬರೆದುಕೊಳ್ಳಿ:
ರಕ್ತ ಹುಟ್ಟುವುದು ಹೃದಯದಲ್ಲಲ್ಲ, ಅದು ಬರೀ ಪಂಪ್‌ಸೆಟ್ಟು.
ಹುಟ್ಟುವುದು ಮೂಳೆಯೊಳಗೆ, ಮಜ್ಜೆಯಲ್ಲಿ,
ಎದೆಯ ಚಪ್ಪಟೆ ಮೂಳೆ, ಪಕ್ಕೆಲುಬು, ಬೆನ್ನಿನ ಮಣಿ, ಸೊಂಟ.
ಅಲ್ಲೊಂದು ಆಕರಕೋಶ, ಇನ್ನೂ ಯಾರೂ ಆಗದ್ದು.
ಕೆಂಪಾದೀತು, ಬಿಳಿಯಾದೀತು,
ಗಾಯಕ್ಕೆ ಅಡ್ಡಗಟ್ಟೆ ಹಾಕುವ ಕಿರುತಟ್ಟೆಗಳನ್ನು
ಮೈಯಿಂದ ಚೂರುಚೂರಾಗಿ ಉದುರಿಸುವ ದೈತ್ಯನಾದೀತು.

ಆಮ್ಲಜನಕ ಸಾಲದಿದ್ದರೆ ಮೊದಲು ತಿಳಿಯುವುದು ಮೂತ್ರಪಿಂಡಕ್ಕೆ.
ಅದು ನಮ್ಮ ನೀರುಗಂಟಿ.
ಕೊನೇ ಗದ್ದೆ ಒಣಗಿತೆಂದು ತೂಬಿನವರೆಗೂ ನಡೆದುಹೋಗಿ ಕೂಗುವವನು.
ಆ ಕೂಗಿನ ಹೆಸರು ಎರಿಥ್ರೋಪೊಯೆಟಿನ್.
ಸ್ಪೆಲ್ಲಿಂಗು ಪರೀಕ್ಷೆಗೆ ಬರುತ್ತದೆ.

ಕೂಗು ಕೇಳಿದ ಕೋಶ ಮೊದಮೊದಲು ನೀಲಿ,
ಮನೆ ತುಂಬ ನ್ಯೂಕ್ಲಿಯಸ್ಸು.
ಹಿಮೋಗ್ಲೋಬಿನ್ ತುಂಬಿದಂತೆಲ್ಲ
ನೀಲಿಯೊಳಕ್ಕೆ ಗುಲಾಬಿ ಇಳಿಯುತ್ತದೆ, ನ್ಯೂಕ್ಲಿಯಸ್ಸು ಸೊರಗುತ್ತದೆ,
ಕೊನೆಗೆ ಅದನ್ನೇ ಹೊರಗೆ ತಳ್ಳಿ
ಕೋಶ ನಡುವಲ್ಲಿ ತಗ್ಗಾಗಿ, ಹಗುರಾಗಿ ರಕ್ತಕ್ಕಿಳಿಯುತ್ತದೆ.
ಜಾತಕವನ್ನೇ ಬಿಸಾಕಿ ಬಂದದ್ದು, ಇನ್ನು ಮರಿ ಹಾಕಲಾರದು,
ಹೊರಬಲ್ಲದು, ಅಷ್ಟೆ.
ಆಯಸ್ಸು ನೂರಿಪ್ಪತ್ತು ದಿನ. ಒಂದು ಭತ್ತದ ಬೆಳೆ.
ಆಮೇಲೆ ಗುಲ್ಮ ಅದನ್ನು ಮುರಿದು
ಹಳದಿಯನ್ನು ಪಿತ್ತದ ಕಡೆಗೆ ಬಿಟ್ಟು
ಕಬ್ಬಿಣವನ್ನು ಮಾತ್ರ ಗುಜರಿಯವನ ಹಾಗೆ ಎತ್ತಿಟ್ಟುಕೊಳ್ಳುತ್ತದೆ.

ನಾಲ್ಕು ಸರಪಳಿ, ಎರಡು ಆಲ್ಫಾ ಎರಡು ಬೀಟಾ.
ಸರಪಳಿಗೊಂದು ಹೀಮ್, ಹೀಮಿಗೊಂದು ಕಬ್ಬಿಣ,
ಕಬ್ಬಿಣಕ್ಕೊಂದು ಆಮ್ಲಜನಕ.
ಶ್ವಾಸಕೋಶದಲ್ಲಿ ಹಿಡಿದದ್ದನ್ನು ಕಾಲಿನ ಕಿರುಬೆರಳಲ್ಲಿ ಬಿಟ್ಟುಕೊಡಬೇಕು.
ಬಿಡಲಾರದ ಹಿಡಿತ ಯಾವ ಕೆಲಸಕ್ಕೆ?

ಮಧ್ಯಾಹ್ನ ಪ್ರಾಕ್ಟಿಕಲ್ಲು. ಅನಲೈಸರ್ ಮುಟ್ಟಕೂಡದು.
ಸಾಹ್ಲಿ ನಳಿಗೆ, ಎರಡರ ಗೆರೆಗೆ ಆಮ್ಲ,
ತಂತಮ್ಮ ಉಂಗುರಬೆರಳು, ತಮ್ಮದೇ ರಕ್ತ.
ಹತ್ತು ನಿಮಿಷಕ್ಕೆ ಕೆಂಪು ಕಂದುಬಣ್ಣಕ್ಕೆ ತಿರುಗುತ್ತದೆ,
ಪಕ್ಕದ ಗಾಜಿಗೆ ಸರಿಹೊಂದುವ ತನಕ ಹನಿ ಹನಿ ನೀರು.
ಹದಿನಾಲ್ಕು ಎಂದ ಗಿರಿಗೌಡ. ಹನ್ನೆರಡೂವರೆ, ನೂರ್ ಆಯಿಷಾ.
ತೇಜಾವತಿ ಎಂಟಕ್ಕೆ ಕೈ ನಿಲ್ಲಿಸಿದಳು.

"ಇನ್ನೂ ನೀರು ಹಾಕಮ್ಮ."
"ಪಾಕ ಬಂದದೆ ಮೇಡಂ. ಇನ್ನೊಂದ್ ಹನಿ ಬಿದ್ರೆ ಕೆಡ್ತದೆ."
"ನಿಂಗೆ ಹೆಂಗೆ ಗೊತ್ತು?"
"ಆಲೆಮನೇಲಿ ಕೊಪ್ಪರಿಗೆ ಬಣ್ಣ ನಾನೇಯ ನೋಡದು.
ಅಪ್ಪಂಗೆ ಕಣ್ ಮಂಜು."

ಮತ್ತೆ ಚುಚ್ಚಿದೆವು. ಎಂಟು.
ಮತ್ತೊಮ್ಮೆ. ಎಂಟರ ಮೇಲೆ ಒಂದು ಕೂದಲೆಳೆ.
ಲೀಶ್ಮನ್ ಹಾಕಿ ಸ್ಲೈಡು ನೋಡಿದೆ.
ಸಣ್ಣಸಣ್ಣ ಕೋಶ, ನಡುವೆಲ್ಲ ಬಿಳಿ, ಅಂಚಿಗಷ್ಟೇ ಬಣ್ಣ,
ಬಳೆಗಾರನ ಮಲಾರ ಬಿಚ್ಚಿ ಚೆಲ್ಲಿದಂತೆ.
ನಾನೇ ಹಾಕಿದ ನಿಯಮ ಮುರಿದು ಯಂತ್ರಕ್ಕೂ ಕೊಟ್ಟೆ.
ಎಂಟು ಪಾಯಿಂಟ್ ಒಂದು.

ಮೆಟ್ಟಿಲ ತಿರುವಿನಲ್ಲಿ ದಿನಾ ಕೂತುಬಿಡುತ್ತಿದ್ದವಳು.
ಹಾಜರಿಗೆ ತಡ, ಸೋಮಾರಿ ಎಂದು
ಎಷ್ಟು ಸಲ ಬೈದಿದ್ದೆನೋ.
ಅವಳಿಗೆ ಅದೊಂದೂ ಬೇಕಿರಲಿಲ್ಲ.
ಮುಖವರಳಿಸಿ ಕೇಳಿದಳು,
"ಸರ್ಯಾಗೇ ನೋಡಿದ್ನಲ್ವಾ ಮೇಡಂ?"

ರೆಕಾರ್ಡಿನಲ್ಲಿ ಹತ್ತಕ್ಕೆ ಹತ್ತು ಹಾಕಿದೆ.
ಓಪಿಡಿಗೆ ಕರೆದೊಯ್ದು ಚೀಟಿ ಬರೆಸಿದೆ.
ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದೆ,
"ಟೀ ಜೊತೆ ನುಂಗಬೇಡ. ಒಂದು ದಿನವೂ ಬಿಡಬೇಡ,
ಈ ಕಬ್ಬಿನದ ಮಾತ್ರೆ."

ನಗಲು ಅಲ್ಲಿ ಯಾರೂ ಇರಲಿಲ್ಲ.
ಕೀಲಾರದ ಬಸ್ಸು ನಾಲ್ಕೂಕಾಲಿಗೆ,
ಓಡಬೇಡವೇ ಎಂದೆ.
ಓಡಿದಳು.